ಐದನೇ ಪೀರಿಯಡ್ಡು

ಫೆಬ್ರವರಿಯ ಎರಡನೇ ವಾರ ಹಳದಿ ಹಾಳೆಯೊಂದು
ಮಕ್ಕಳ ಚೀಲ ಹತ್ತಿ ಮನೆಮನೆಗೆ ಹೋಗುತ್ತದೆ.
ಅದರಲ್ಲಿ ಎರಡು ಚೌಕ:
ನನ್ನ ಮಗು ದೇಹದ ಪಾಠಕ್ಕೆ ಕೂರಲಿ.
ನನ್ನ ಮಗು ಲೈಬ್ರರಿಯಲ್ಲಿ ಕೂರಲಿ.
ಲೈಬ್ರರಿ ಅಂದರೆ ನಾನು.

ಹೊರಗೆ ಐಡಹೋದ ಹಿಮ. ಬೀಟ್ ಕಾರ್ಖಾನೆಯಿಂದ
ಸೀದ ಸಕ್ಕರೆಯ ವಾಸನೆ, ಒದ್ದೆ ಮಣ್ಣಿನದೂ.
ಮರಳಿ ಬರುವ ಹಾಳೆಗಳ ಮೇಲೆ ಒಂದೊಂದು ಮನೆಯ ಕಲೆ:
ಕಾಫಿ ಲೋಟದ ಬಳೆ, ಟ್ರ್ಯಾಕ್ಟರಿನ ಗ್ರೀಸು,
ಒಂದರಲ್ಲಿ ಬೈಬಲಿನ ಸಾಲು, ಒತ್ತಿ ಬರೆದದ್ದಕ್ಕೆ ಕಾಗದವೇ ತೂತು.
ಇಟ್ಸಿಯಾರ್, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳು,
ಎರಡೂ ಚೌಕಕ್ಕೆ ಗುರುತು ಹಾಕಿದ್ದಾಳೆ.
ಅಡ್ಡಗೋಡೆಯ ಮೇಲೆ ದೀಪ ಅಂದುಕೊಂಡು ಫೋನು ಮಾಡಿದೆ.
"ಮೊದಲು ನಾನು ಹೇಳಬೇಕು ಅವನಿಗೆ.
ಭಾನುವಾರ ರಜೆ ಸಿಗುತ್ತದೆ.
ಆಮೇಲೆ ನೀವು ಹೇಳಿ."
ಅಷ್ಟು ದೊಡ್ಡ ಚೌಕ ಆ ಹಾಳೆಯಲ್ಲಿ ಇರಲಿಲ್ಲ.

ನನ್ನ ಕಾಲದಲ್ಲಿ ಹಾಳೆಯೂ ಇಲ್ಲ, ಚೌಕವೂ ಇಲ್ಲ.
ನಮ್ಮಮ್ಮನನ್ನು ಯಾರೂ ಏನೂ ಕೇಳಲಿಲ್ಲ,
ಅವಳೂ ಏನೂ ಹೇಳಲಿಲ್ಲ.
ಹನ್ನೊಂದರ ಮಾರ್ಚಿನಲ್ಲಿ, ಸಾಯುತ್ತಿದ್ದೇನೆ ಅಂತಲೇ ತಿಳಿದು
ನನ್ನ ಸ್ಕೇಟಿಂಗ್ ಬೂಟು ತಂಗಿಗೆಂದು ಚೀಟಿ ಬರೆದಿಟ್ಟಿದ್ದೆ.
ಬದುಕಿದೆ. ಬೂಟು ವಾಪಸು ಕೊಡಲು
ಅವಳು ಒಪ್ಪಲೇ ಇಲ್ಲ.

ಗುರುವಾರ ಸಂಜೆ, ಪಾಠವನ್ನು ಮೊದಲೇ ನೋಡಲು ಹೆತ್ತವರಿಗೆ ಆಹ್ವಾನ.
ಅರವತ್ತು ಕುರ್ಚಿ ಹಾಕಿದ್ದೆವು. ಬಂದವರು ಒಂಬತ್ತು.
ಹಾರ್ಲನ್ ಪ್ರಶ್ನೆಗಳನ್ನು ಮಗಳ ನೋಟುಬುಕ್ಕಿನಲ್ಲೇ ಬರೆದು ತಂದಿದ್ದ.
"ಹತ್ತನೇ ಪುಟ ಈ ವಯಸ್ಸಿಗೆ ಬೇಡ.
ಯಾವಾಗ ಎಷ್ಟು ಅನ್ನುವುದು
ಅವಳ ಜೊತೆ ಊಟಕ್ಕೆ ಕೂರುವವನಿಗೆ ಗೊತ್ತು."
ನರ್ಸಮ್ಮ ಅದನ್ನು ಗುರುತು ಹಾಕಿಕೊಂಡಳು.
ಹತ್ತನೇ ಪುಟದ ಮಟ್ಟಿಗೆ ನನಗೂ ಹಾಗೇ ಅನಿಸಿತ್ತು.
ಬಾಯಿ ಬಿಡಲಿಲ್ಲ.

ಕೊನೆಯ ಸಾಲಲ್ಲಿ ಆರ್ವಲ್ ಲಿಂಡ್‌ಕ್ವಿಸ್ಟ್, ಟೋಪಿ ತೊಡೆಯ ಮೇಲೆ.
ನಡುರಾತ್ರಿ ಹಿಮದಲ್ಲಿ ಮಂಡಿಯೂರಿ, ಭುಜದವರೆಗೆ ತೋಳು ತೂರಿಸಿ
ಅಡ್ಡ ನಿಂತ ಕರುಗಳನ್ನು ತಿರುಗಿಸಿ ಎಳೆದ ಮನುಷ್ಯ
ಪರದೆಯ ಮೇಲೆ ಗರ್ಭಕೋಶದ ಚಿತ್ರ ಬಂದದ್ದೇ
ತನ್ನ ಬೂಟಿನ ಲೇಸು ನೋಡತೊಡಗಿದ.
ಮಗಳು ತೀರಿಕೊಂಡ ಮೇಲೆ ಮೊಮ್ಮಗಳು ಮಾರಿಟ್ ಇವನ ಪಾಲು.
ಎಲ್ಲರೂ ಹೋದ ಮೇಲೆ, ಕುರ್ಚಿ ಮಡಚುತ್ತಾ ಕೇಳಿದ:
"ತಂದೆ ಅಥವಾ ತಾಯಿ ಅಂತಿದೆಯಲ್ಲ, ಅಲ್ಲಿ ಯಾರು?"
ನೀವೇ, ಅಂದೆ.
"ಹಕ್ಕು ನನ್ನದು. ಆಯಿತು.
ಮಾತು ಎಲ್ಲಿಂದ ತರಲಿ?"

ಸೋಮವಾರ ಅವನ ಹಾಳೆ ಬಂತು, ಎರಡೂ ಚೌಕ ಖಾಲಿ.
ಕೆಳಗೆ, ದನಗಳ ಲೆಕ್ಕ ಬರೆಯುವ ದಪ್ಪ ಅಕ್ಷರದಲ್ಲಿ:
ಅವಳನ್ನೇ ಕೇಳಿದೆ. ಹೋಗುತ್ತೇನೆ ಅಂದಳು.
ನಾನೂ ಕೂರಬಹುದೇ?

ದೊಡ್ಡವರಿಗೆ ಅವಕಾಶವಿಲ್ಲವೆಂದು ಆಫೀಸಿನವರು ತಿಳಿಸಿದರು.

ಐದನೇ ಪೀರಿಯಡ್ಡಿಗೆ ಮೂವರು ಮಕ್ಕಳು ನನ್ನ ಬಳಿ ಬಂದರು.
ಹಾರ್ಲನ್ನನ ಮಗಳು ಕುದುರೆಗಳ ಪುಸ್ತಕ ಹಿಡಿದಳು,
ನಿಜಕ್ಕೂ ಕುದುರೆಗಳಿಗಾಗಿಯೇ.
ಅವಳ ಹಿಂದೆಯೇ ಆರ್ವಲ್, ಬಾಗಿಲಲ್ಲಿ ಬೂಟಿನ ಹಿಮ ಕೊಡವಿ,
ಮಕ್ಕಳ ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ.
ಎದುರು ಕೋಣೆಯಿಂದ ಒಮ್ಮೆ ನಗು, ಆಮೇಲೆ ಸದ್ದಿಲ್ಲ.
ಬಾಗಿಲು ನೋಡಿದ. ಗಡಿಯಾರ ನೋಡಿದ. ಎದ್ದು ಕಪಾಟಿನ ಮುಂದೆ ನಿಂತ.
ನಮ್ಮ ವಿಶ್ವಕೋಶದಲ್ಲಿ ಒಂದೇ ಸಂಪುಟದ ಬೆನ್ನು ಮುರಿದಿದೆ.
ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ,
ಅಂಟಿಸುತ್ತಲೇ ಇದ್ದೇನೆ.
ಅದನ್ನು ಕೈಗೆತ್ತಿಕೊಂಡು ಅಂಟು ಇದೆಯೇ ಅಂದ. ಕೊಟ್ಟೆ.

ಹಚ್ಚುವ ಮೊದಲು ಮುರಿದದ್ದು ಎಲ್ಲೆಂದು ನೋಡಬೇಕಲ್ಲ, ಎನ್ನುತ್ತಾ
ಕನ್ನಡಕ ಏರಿಸಿ, ಆ ಪುಟ ತೆರೆದು,
ಗಂಟೆ ಹೊಡೆಯುವವರೆಗೂ ನೋಡುತ್ತಿದ್ದ.