ಮೂರನೇ ಚಾನೆಲ್ಲಿನ ಗುಂಡು

ಗುರುವಾರ ಗುರುವಾರ, ರಾತ್ರಿ ಎಂಟಕ್ಕೆ
ಶೆರಿಫ್ ಆಸಾ ಪಿಂಕ್ನಿಯ ಎಡಭುಜಕ್ಕೇ ಗುಂಡು ಬೀಳುತ್ತಿತ್ತು.
ಮುಂದಿನ ವಾರ ನೋಡಿದರೆ
ಅದೇ ಕೈಯಲ್ಲಿ ಲಗಾಮು,
ಒಂದು ಕಲೆಯಿಲ್ಲ, ಒಂದು ಮುಲುಕಿಲ್ಲ.

ಅದನ್ನು ತೆಗೆದವರು ಯಾರು?
ಕೇಳಿದ್ದು ನಾನು, ಏಳು ವರ್ಷದವಳು.
ಶೆರಿಫರಿಗೆಲ್ಲ ತಾನಾಗೇ ಉದುರುತ್ತೆ, ಹಾಲುಹಲ್ಲಿನ ಹಾಗೆ,
ಅಂದ ಅಣ್ಣ ತೊಯ್ವೊ.
ಅವನಿಗೆ ಹನ್ನೊಂದು; ಸಕಲವೂ ಬಲ್ಲ.

ನನ್ನ ನಾಯಕನೇ ಬೇರೆ. ಆರನೇ ಚಾನೆಲ್ಲಿನ
ಡಾಕ್ಟರ್ ಇಲಾಯಸ್ ವಾರ್ಡ್. ಅದೇ ಗುರುವಾರ, ಅದೇ ಎಂಟು.
ಬೆರಳು ಉದ್ದ, ಮಾತು ಕಡಿಮೆ,
ಅವನು ಕೈ ತೊಳೆಯುವುದನ್ನೇ ಎರಡು ನಿಮಿಷ ತೋರಿಸುತ್ತಿದ್ದರು.
ಮನೆಗಿದ್ದದ್ದು ಒಂದೇ ಪೆಟ್ಟಿಗೆ. ಅದರ ತಿರುಗಣೆ
ನಮ್ಮ ಜಗ್ಗಾಟದಲ್ಲಿ ಯಾವತ್ತೋ ಕಿತ್ತುಬಂದು
ಅಪ್ಪ ಗಣಿಯಿಂದ ತಂದ ಇಕ್ಕಳವೇ ಗತಿ.
ಇಕ್ಕಳ ಯಾರ ಕೈಲೋ, ಗುರುವಾರ ಅವರದು.

ಆಗಸ್ಟಿನ ಕೊನೆ. ಸುಪೀರಿಯರ್ ಸರೋವರ
ಇಸ್ತ್ರಿ ಹಾಕಿದ ಹಾಗೆ ಮಲಗಿತ್ತು.
ಕ್ಯಾಲುಮೆಟ್ಟಿನ ತಾಮ್ರದ ಗಣಿಗಳಲ್ಲಿ ಮುಷ್ಕರ,
ಸೈರನ್ ಕೂಗದ ಸಂಜೆ, ಕೆಲಸವಿಲ್ಲದ ಅಪ್ಪಂದಿರು ಜಗಲಿ ಮೆಟ್ಟಿಲ ಮೇಲೆ.
ಸೆಖೆ ತಣ್ಣೀರಿಗೆ ಮುಚ್ಚಳ ಹಾಕಿದರೆ
ಆಚೆ ದಡದ ಕೆನಡಾದ ಅಲೆಗಳು
ಈ ದಡಕ್ಕೆ ಜಾರಿಬರುತ್ತವಂತೆ.
ಅವರ ಮೂರು, ನಮ್ಮ ಮೂರು, ಒಂದರ ಮೇಲೊಂದು.
ಇದೆಲ್ಲ ಆಮೇಲೆ ತಿಳಿದದ್ದು.
ಆವತ್ತು ಕಂಡದ್ದು ಇಷ್ಟು:

ಮರಳಿನಲ್ಲಿ ಶೆರಿಫ್ ಬಿದ್ದಿದ್ದಾನೆ.
ಅವನ ಟೋಪಿಯೊಳಗಿಂದ ದುಂಡಗೆ ಒಂದು ದೀಪ ಹತ್ತಿತು.
ಕಳ್ಳಿಗಿಡದ ಮೈ ಸೀಳಿ ಬಿಳಿ ಕೋಟು ಹೊರಬಂತು,
ಬಂದದ್ದೇ ಬಗ್ಗಿತು.
ಕುದುರೆ ನರ್ಸಿನ ಮೂಲಕವೇ ನಡೆದುಹೋಯಿತು;
ಅವಳು ಕದಲಲಿಲ್ಲ, ಟ್ರೇ ಹಿಡಿದೇ ಇದ್ದಳು.
ಡಾಕ್ಟರ ತುಟಿ ಅಲ್ಲಾಡಿತು, ಕೇಳಿದ್ದು ಖುರಪುಟ.
ಶೆರಿಫ್ ಬಾಯಿ ತೆರೆದ, ಬಂದದ್ದು ಹೆಂಗಸಿನ ದನಿ:
"ನಾಡಿ ಇಳೀತಿದೆ, ಡಾಕ್ಟರ್."

ತೊಯ್ವೊ ಇಕ್ಕಳ ಕೆಳಗಿಟ್ಟ.
ನಾನು ಉಸಿರು ಬಿಡಲಿಲ್ಲ,
ಬಿಟ್ಟರೆ ಸರೋವರ ಅಲುಗೀತೆಂದು.

ಆ ಉದ್ದ ಬೆರಳು ಭುಜದ ಹತ್ತಿರ ಹೋದವು, ಹೋದವು,
ಅಷ್ಟರಲ್ಲಿ ಅಪ್ಪ ಒಳಬಂದು
"ಇದಕ್ಕೂ ದೆವ್ವ ಹಿಡೀತಾ" ಎಂದು
ಪೆಟ್ಟಿಗೆಯ ನೆತ್ತಿಗೊಂದು ಬಿಟ್ಟ.
ಸಾಬೂನಿನ ಜಾಹೀರಾತು ಬಂತು. ಎಷ್ಟು ಸ್ವಚ್ಛ!

ಅಲ್ಲಿಂದ ಐವತ್ತೇಳು ವರ್ಷ ಜಗಳ.
ತೆಗೆದ, ಎಂದು ನಾನು.
ಮುಟ್ಟಲೇ ಇಲ್ಲ, ಎಂದು ಅವನು.
ಅವನ ಮದುವೆಯ ಊಟದಲ್ಲಿ; ಅಪ್ಪನನ್ನು ಮಣ್ಣು ಮಾಡಿ ಬಂದು
ಕಾಫಿ ಆರಿಸುತ್ತ; ಒಮ್ಮೆ ಟೆಲಿಗ್ರಾಮಿಗೆ ದುಡ್ಡು ಸುರಿದು:
"ಮುಟ್ಟಲಿಲ್ಲ. ತೊಯ್ವೊ."
ಕಥೆ ಬೆಳೆಸಿದ್ದೂ ಉಂಟು. ಆಸ್ಪತ್ರೆಯ ಕಂಬಕ್ಕೆ ಕಟ್ಟಿದ ಕುದುರೆ
ರೋಗಿಗಳ ಹೂಗುಚ್ಛವನ್ನೆಲ್ಲ ಮೇದದ್ದು,
ಪಿಸ್ತೂಲನ್ನು ಕುದಿನೀರಲ್ಲಿ ಅದ್ದಿಯೇ ಒಳಗೆ ಬಿಟ್ಟದ್ದು.
ಅವನ ಕಥೆಯಲ್ಲಿ ಡಾಕ್ಟರ್ ಕುದುರೆಗೆ ಹಿಂದುಮುಂದಾಗಿ ಹತ್ತುತ್ತಾನೆ.
ನನ್ನ ಕಥೆಯಲ್ಲಿ ಶೆರಿಫ್ ಸೂಜಿ ಕಂಡರೆ ಅಳುತ್ತಾನೆ.

ಈ ಮಾರ್ಚಿನಲ್ಲಿ ಮಾರ್ಕೆಟ್ಟಿನ ದೊಡ್ಡಾಸ್ಪತ್ರೆ.
ತೊಯ್ವೊನ ಎದೆ ತೆರೆದಿದ್ದರು. ಹೊರಗೆ ಕಾಯುತ್ತ ಕೂತೆ.
ಗೋಡೆಯ ತೆಳ್ಳನೆ ಪರದೆಯಲ್ಲಿ ಇನ್ನೂರು ಚಾನೆಲ್ಲು,
ಒಂದರ ನೆರಳು ಇನ್ನೊಂದಕ್ಕೆ ತಾಗುವುದಿಲ್ಲ.
ಒಬ್ಬ ಅಡುಗೆ ಮಾಡುತ್ತಿದ್ದರೆ ಅಡುಗೆ ಮಾತ್ರ.

ಎರಡನೇ ದಿನ ಕಣ್ಣು ಬಿಟ್ಟ.
ದವಡೆ ಇನ್ನೂ ಲೋಟದಲ್ಲಿತ್ತು,
ಮಾತಿಗೆ ಅಂಚಿರಲಿಲ್ಲ.
"ಐಲಿ,
ಹೋಗಲಿ, ತೆಗೆದ ಅಂತಲೇ ಇಟ್ಟುಕೋ.
ಫೀಸು ಯಾರು ಕೊಟ್ಟರು?"

ಕಿಟಕಿಯಾಚೆ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ.
ಮುಂದಿನ ಗುರುವಾರ ಹೇಳ್ತೀನಿ, ಅಂದೆ.
ಎಂಟಕ್ಕೆ.