ಟಿಕೆಟ್ಟಿನ ಹಿಂಬದಿ

ನಾಲ್ಕು ಗಂಟೆಗೆ ಲಿಫ್ಟಿನಲ್ಲಿ ಏಳು ಜನ.
ಯಾರೂ ಯಾರನ್ನೂ ನೋಡುವುದಿಲ್ಲ.
ಎಲ್ಲರ ಎದೆಗೂ ನಂಬರು,
ಎಲ್ಲರ ಮೊಣಕಾಲಿನಿಂದಲೂ ಮುಲಾಮಿನ ಘಾಟು.
ಬಾಣಂತಿ ಕೋಣೆಯೋ ಗರಡಿಮನೆಯೋ
ಅಂತ ಅನುಮಾನ, ನೆಲಮಹಡಿ ಬರುವವರೆಗೆ.

ಕೌಂಟರಿನ ಹುಡುಗ ಕೋಲ್ಟನ್
ರಾತ್ರಿಪಾಳಿಯ ಆಕಳಿಕೆಯೊಳಗಿಂದಲೇ
ಎರಡು ಬ್ರೆಡ್ಡು ಸುಟ್ಟುಕೊಟ್ಟ.
ನನ್ನ ಹತ್ತಿರ ಪಿನ್ನು ಮೂರೇ, ನಾಲ್ಕನೆಯದು
ಮಂಚದ ಕೆಳಗೆಲ್ಲೋ ಉರುಳಿತು ಅಂದರೆ
ತನ್ನ ಹೆಸರಿನ ಬಿಲ್ಲೆ ಬಿಚ್ಚಿ
ಅದರ ಪಿನ್ನು ಕೊಟ್ಟ.
ಎಂಟಕ್ಕೆ ಪಾಳಿ ಮುಗಿಯುವವರೆಗೆ
ಅವನಿಗೆ ಹೆಸರಿಲ್ಲ.

ಡುಲೂತಿನ ಬೀದಿ ಇಳಿಜಾರು,
ಕೈಬಿಟ್ಟರೆ ಸೀದಾ ಸರೋವರಕ್ಕೆ.
ಜೂನ್ ತಿಂಗಳಲ್ಲೂ ಹಲ್ಲು ಕಟಕಟ.
ಕಸದ ಕಪ್ಪು ಚೀಲಕ್ಕೆ ಮೂರು ತೂತು ಮಾಡಿ
ತಲೆ, ಕೈ ತೂರಿಸಿ ನಿಂತೆ,
ಗೋಣಿಕೊಪ್ಪೆ ಹಾಕಿಕೊಂಡು
ಯಾರದೋ ಗದ್ದೆಗೆ ಕೂಲಿಗೆ ಹೊರಟವಳ ಹಾಗೆ.

ಸಾಲಾಗಿ ಹಳದಿ ಬಸ್ಸು, ಶಾಲೆಯವು.
ಸೀಟು ಮಕ್ಕಳ ಅಳತೆಯದು; ಐವತ್ತೆರಡರ ನನ್ನ ಮಂಡಿ
ಮುಂದಿನವನ ಬೆನ್ನಿಗೆ.
ಡ್ರೈವರು ಐಲಿ ಅಂತ, ಬೆಳ್ಳಿಕೂದಲಿನ ಮುದುಕಿ.
ಕನ್ನಡಿಯಲ್ಲಿ ನೋಡಿ ಏನೋ ಕೂಗಿದಳು,
ನನಗೆ ಕೇಳಿದ್ದು:
ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಖಾಲಿ ಇದೆ.

ಅಪ್ಪ ಹೊಸದುರ್ಗ ಡಿಪೋದಲ್ಲಿ ಕಂಡಕ್ಟರು.
ಎಂಜಲು ಹಚ್ಚಿ ಟಿಕೆಟ್ಟು ಹರಿಯುವಾಗ
ಚಿಲ್ಲರೆ ಇಲ್ಲದಿದ್ದರೆ ಹಿಂಬದಿಗೆ ಬರೆಯುತ್ತಿದ್ದ:
ಮೂರು ಐವತ್ತು. ಇಳಿಯುವಾಗ ಇಸ್ಕೊಳ್ಳಿ.
ಎಷ್ಟೋ ಜನ ಮರೆತು ಇಳಿದರು.
ರಾತ್ರಿ ಲೆಕ್ಕ ಕೂಡಿಸುವಾಗ ಆ ದುಡ್ಡು ಬೇರೆ ಇಟ್ಟು
ಮುಟ್ಟಬೇಡ, ನಾಳೆ ಕೇಳ್ಕೊಂಡು ಬರ್ತಾರೆ ಅನ್ನುತ್ತಿದ್ದ.
ಬಂದವರನ್ನು ನಾನು ನೋಡಲಿಲ್ಲ.

ಬಸ್ಸು ಹೊರಟಿತು. ಬಲಕ್ಕೆ ನೀರು,
ನೀರೋ ಆಕಾಶವೋ ಇನ್ನೂ ತೀರ್ಮಾನವಾಗಿಲ್ಲ.
ಇಪ್ಪತ್ತಾರು ಮೈಲಿ ಒಯ್ದು ಇಳಿಸುತ್ತಾರೆ,
ಅಲ್ಲಿಂದ ಹೊರಟ ಜಾಗಕ್ಕೇ ಓಡಿ ಬರಬೇಕು.
ಇದಕ್ಕೆ ದುಡ್ಡು ಕೊಟ್ಟಿದ್ದೀನಿ ಅಂದಿದ್ದರೆ
ಅಪ್ಪ ಚೀಲ ಕೆಳಗಿಟ್ಟು ನಗುತ್ತಿದ್ದ:
ಬಸ್ಸು ತಪ್ಪಿದವರು ಓಡ್ತಾರೆ ಕಣಮ್ಮ,
ಸಿಕ್ಕಿದವರೂ ಓಡ್ತಾರಾ?

ಪಕ್ಕದ ವೆಂಡೆಲ್‌ಗೆ ಎಪ್ಪತ್ತೊಂದು.
ಬಾಳೆಹಣ್ಣನ್ನು ಚೂರು ಚೂರೇ ಮುರಿದು
ತನಗೆ ತಾನೇ ತುತ್ತಿಡುತ್ತಿದ್ದ.
ನಂಬರಿನ ಹಿಂಬದಿ ತುಂಬಿದೀಯಾ ಅಂದ.
ಮೇಲೆತ್ತಿ ನೋಡಿದೆ, ಸಣ್ಣ ಅಕ್ಷರ:
ಬಿದ್ದರೆ ಯಾರಿಗೆ ತಿಳಿಸಬೇಕು?
ಹೆಸರಿಗೊಂದು ಗೆರೆ, ಫೋನಿಗೊಂದು ಗೆರೆ.

ಪೆನ್ನು ಕೊಟ್ಟ. ಬಸ್ಸು ಕುಲುಕುತ್ತಿತ್ತು,
ಅದನ್ನೇ ನೆಪ ಮಾಡಿಕೊಂಡೆ.
ಗಂಡನಾಗಿದ್ದವನ ನಂಬರು ಬಾಯಿಪಾಠ; ಈಗ
ಬೇರೆ ಯಾರೋ ಎತ್ತುತ್ತಾರೆ.
ಹಿರಿಯೂರಿನ ಅಕ್ಕ ಗಾಬರಿಗೆ ಫೋನನ್ನೇ ಬೀಳಿಸುತ್ತಾಳೆ.
ನನ್ನ ಹೆಸರು ಬರಿ ಅಂದ ವೆಂಡೆಲ್,
ಆಮೇಲೆ ತಾನೇ ನಕ್ಕ,
ನಾನೂ ಅಲ್ಲೇ ಎಲ್ಲೋ ಬಿದ್ದಿರ್ತೀನಿ.
ಕೊನೆಗೆ ಬರೆದೆ: ಕೋಲ್ಟನ್, ಹೋಟೆಲಿನ ಕೌಂಟರು.
ಬೀಳುವುದಿದ್ದರೆ ಎಂಟರೊಳಗೆ ಬೀಳಬೇಕು.
ಒಂದು ಪಿನ್ನಿನ ಬಾಕಿಯೂ ಇದೆ.

ಇಳಿದ ಕಡೆ ಹುಲ್ಲು, ಮಂಜು,
ಪ್ಲಾಸ್ಟಿಕ್ ಪಾಯಿಖಾನೆಗಳ ಮುಂದೆ ರೇಷನ್ ಕ್ಯೂ;
ದೇವರನ್ನೂ ಹೊಟ್ಟೆಯನ್ನೂ ಒಟ್ಟಿಗೆ ನೆನೆಯುತ್ತ
ಕಾಲಿಂದ ಕಾಲಿಗೆ ಕುಣಿಯುವ ಜನ.
ಮೈಕಿನಲ್ಲಿ ಯಾರೋ ನಿಮಿಷ ಎಣಿಸುತ್ತಿದ್ದರು.

ಖಾಲಿ ಬಸ್ಸುಗಳು ತಿರುಗಿ ಹೊರಟವು.
ಮುಕ್ಕಾಲು ಗಂಟೆಗೆ ಊರು ಸೇರುತ್ತವೆ,
ನನಗೆ ಐದು ಬೇಕು.
ಐಲಿಯ ಬಸ್ಸು ಹತ್ತಿರ ಬಂದಾಗ
ನನ್ನ ಕೈ ತಾನಾಗಿ ಅಡ್ಡ ಹೋಯಿತು,
ಹಳೆಯ ಅಭ್ಯಾಸ.
ನಿಲ್ಲಿಸಿಯೇಬಿಟ್ಟಳು. ಬಾಗಿಲು ತೆರೆಯಿತು.
ಒಳಗಿಂದ ಹೀಟರಿನ ಬೆಚ್ಚನೆ ಗಾಳಿ, ಅಷ್ಟೂ ಸೀಟು ಖಾಲಿ.
ಬರ್ತೀಯಾ ಅಂದಳು. ತಮಾಷೆಗಲ್ಲ.

ಒಂದು ಮೆಟ್ಟಿಲು, ಅಷ್ಟೇ ದೂರ.

ಕಸದ ಚೀಲ ಹರಿದು ತೆಗೆದೆ.
ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಏಟು:
ರೈಟ್, ರೈಟ್.