ಡಿಸ್ಕು ಅವಳಿಗೆ, ಪೆಟ್ಟಿಗೆ ಅವನಿಗೆ

ಮಿನ್ನೆಟೋಂಕಾ ಕೆರೆ ಹೆಪ್ಪುಗಟ್ಟಿದ ವಾರ
ಲಿಂಡ್‌ಕ್ವಿಸ್ಟರ ಮನೆಯಿಂದ ಫೋನು:
ಫೆಂಗ್, ಆ ಪೆಟ್ಟಿಗೆ ಕೂಡಿಸಿದವನು ನೀನೇ,
ಬಂದು ಬಿಡಿಸು.

ಕೂಡಿಸಿ ಹನ್ನೊಂದು ವರ್ಷ.
ಇಪ್ಪತ್ತೇಳು ಸಾವಿರ ಡಾಲರು, ತಂತಿಯ ಲೆಕ್ಕ ಬೇರೆ.
ಆ ದುಡ್ಡಿಗೆ ನಾನಾದರೆ ಒಂದು ವ್ಯಾನು ಕೊಳ್ಳುತ್ತಿದ್ದೆ.
ಗ್ಯಾರೆಟ್ ಹೇಳಿದ್ದ: ಹಣ ಸಿನಿಮಾಕ್ಕಲ್ಲ ಕಣಯ್ಯ,
ಸೋಫಾದಿಂದ ಏಳದೇ ಇರುವುದಕ್ಕೆ.

ಒಂದೊಂದೇ ಡಿಸ್ಕು ನುಂಗಿತ್ತು ಪೆಟ್ಟಿಗೆ,
ಎಂಟುನೂರ ಹನ್ನೆರಡು.
ನುಂಗಿ, ನೀರು ಕುಡಿದ ಹಾಗೆ ಸುಮ್ಮನಿತ್ತು.
ಪರದೆಯ ತುಂಬ ಅಂಗೈಯಗಲದ ಪೋಸ್ಟರುಗಳು,
ಒತ್ತಿದರೆ ಸಾಕು, ಜಾಹೀರಾತಿಲ್ಲ,
ನಕಲು ಮಾಡಿದರೆ ಜೈಲು ಎನ್ನುವ ಎಚ್ಚರಿಕೆಯೂ ಇಲ್ಲ,
ಸೀದಾ ಮೊದಲ ದೃಶ್ಯ.

ಆಗಲೇ ಕೇಳಿದ್ದಳು ನೊರೀನ್,
ಮೆಟ್ಟಿಲ ಮೇಲೆ ಬಟ್ಟೆಯ ಬುಟ್ಟಿ ಹಿಡಿದು:
ಇದು ಕಾನೂನಿಗೆ ಸರಿಯೇ?
ನಾನೇನು ಹೇಳಲಿ.
ಡಿಸ್ಕು ನಿಮ್ಮದು ಮೇಡಂ, ಅದರ ಮೇಲಿನ ಬೀಗ ಅವರದು.
ಸ್ವಂತ ಮನೆಗೇ ಕನ್ನ ಹಾಕಿದರೆ ಕಳ್ಳತನವೇ
ಅಂತ ವಕೀಲರು ಇನ್ನೂ ವಾದಿಸುತ್ತಿದ್ದಾರೆ.
ಅವಳು ನಗಲಿಲ್ಲ.
ಬುಟ್ಟಿಯಿಂದ ಒಂಟಿ ಕಾಲುಚೀಲ ಜಾರಿ ಬಿತ್ತು.

ಸೇಂಟ್ ಪಾಲಿನ ಸಂತೆಯಲ್ಲಿ ನಮ್ಮಮ್ಮ
ಕ್ಯಾಸೆಟ್ಟು ಕೊಳ್ಳುತ್ತಿದ್ದಳು, ಹತ್ತು ಡಾಲರಿಗೆ ಮೂರು.
ಎಲ್ಲೆಲ್ಲಿಯದೋ ಸಿನಿಮಾ: ಥಾಯಿ, ಚೀನಿ, ಹಿಂದಿ.
ಎಲ್ಲ ನಾಯಕರೂ ನಮ್ಮ ಹ್ಮಾಂಗ್ ಮಾತಾಡುತ್ತಿದ್ದರು,
ಎಲ್ಲರಿಗೂ ಒಂದೇ ಗಂಟಲು,
ಫ್ರೆಸ್ನೋ ಕಡೆಯ ಯಾರೋ ಒಬ್ಬನದು.
ನಾಯಕಿ ಅತ್ತರೂ ಅವನೇ ಅಳಬೇಕು.
ನಕಲಿನ ನಕಲಿನ ನಕಲು;
ಕಥೆಯಲ್ಲಿ ಸುರಿಯುವುದು ಮಳೆಯೋ, ಟೇಪು ಸವೆದ ಗೆರೆಯೋ
ಅಮ್ಮನಿಗೆ ಭೇದವಿರಲಿಲ್ಲ, ಎರಡಕ್ಕೂ
ಅಯ್ಯೋ ನೆಂದಳಲ್ಲ ಅನ್ನುತ್ತಿದ್ದಳು.
ಅದು ಕಳ್ಳಮಾಲು ಅಂತ ನನಗೆ ಗೊತ್ತಾದದ್ದು
ಈ ಕೆಲಸಕ್ಕೆ ಸೇರಿದ ಮೇಲೆ, ತರಬೇತಿಯ ಎರಡನೇ ದಿನ.
ಮನೆಗೆ ಹೋಗಿ ಹೇಳಲಿಲ್ಲ.

ಈಗ ನೆಲಮಾಳಿಗೆಯಲ್ಲಿ ಇಬ್ಬರು ವಕೀಲರು, ಒಂದೇ ಸೋಫಾ.
ವಿಚ್ಛೇದನದ ಕಾಗದ ಹೇಳುತ್ತದೆ:
ಪೆಟ್ಟಿಗೆ ಅವನಿಗೆ, ಡಿಸ್ಕು ಅವಳಿಗೆ. ಸಮಪಾಲು.
ಆದರೆ ಡಿಸ್ಕು ಹೊಸಿಲು ದಾಟಿದ ಗಳಿಗೆ
ಪೆಟ್ಟಿಗೆಯೊಳಗಿನದೆಲ್ಲ ವಾರಸುದಾರರಿಲ್ಲದ ಮಾಲು,
ಅಳಿಸಬೇಕು, ಅನ್ನುತ್ತಾರೆ ಅವಳ ವಕೀಲರು.
ಯಾವ ಕಲಮು, ತೋರಿಸಿ, ಅನ್ನುತ್ತಾನೆ ಇವನ ವಕೀಲ.
ಪುಟ ತಿರುವಿದರು. ಇಬ್ಬರದೂ ಗಂಟೆಗೆ ನಾನೂರು.
ಎರಡು ಗಂಟೆ ಕಳೆಯಿತು.

ಪೆಟ್ಟಿಗೆಗೆ ಈಗ ಎಷ್ಟು ಬರುತ್ತೆ, ಕೇಳಿದ ಗ್ಯಾರೆಟ್.
ಆರುನೂರು, ಅಂದೆ. ಅದೂ ಕೊಳ್ಳುವವನು ಸಿಕ್ಕರೆ.
ಡಿಸ್ಕು?
ಬಿಟ್ಟಿ ಕೊಟ್ಟರೂ ಲೈಬ್ರರಿಯವರು ಯೋಚಿಸುತ್ತಾರೆ.

ನೊರೀನ್ ಒಳಬಂದಳು, ಬೂಟಿನ ಹಿಮ ಕೊಡವದೆ.
ಅಳಿಸುವ ಮೊದಲು ಒಂದು ಸಲ ಹಾಕಪ್ಪ, ಅಂದಳು,
ಯಾವುದಾದರೂ ಸರಿ.
ಒತ್ತಿದೆ. ಪೆಟ್ಟಿಗೆಗೆ ನೆನಪಿತ್ತು:
ಒಂದು ಗಂಟೆ ಹನ್ನೆರಡನೇ ನಿಮಿಷ,
ಯಾವಾಗಲೋ ಇಬ್ಬರೂ ನಿಲ್ಲಿಸಿ ಎದ್ದು ಹೋದ ಜಾಗ.
ಯಾಕೆ ಎದ್ದರೋ, ಅವರಿಗೇ ನೆನಪಿಲ್ಲ.
ಫೋನು ಬಂತೇ? ಜಗಳವೇ? ಪಿಜ್ಜಾದವನೇ?
ಪರದೆಯ ಮೇಲೆ ಒಬ್ಬ ಹೆಂಗಸು
ಬಾಗಿಲ ಹಿಡಿಯ ಮೇಲೆ ಕೈಯಿಟ್ಟು
ಅಂದಿನಿಂದ ನಿಂತೇ ಇದ್ದಳು.

ಕೊನೆಯವರೆಗೂ ನೋಡಿದೆವು, ಐದು ಜನ.
ಕಡತ ಮಡಿಲಲ್ಲೇ ಇಟ್ಟುಕೊಂಡು ಒಬ್ಬ ವಕೀಲರು ಕಣ್ಣೊರೆಸಿದರು,
ಅದಕ್ಕೂ ಬಿಲ್ಲು ಹಾಕಿದರೋ ಏನೋ.

ಆಮೇಲೆ ಅಳಿಸಿದೆ. ನಲವತ್ತು ನಿಮಿಷ ಹಿಡಿಯಿತು.
ಹದಿನಾಲ್ಕು ರಟ್ಟಿನ ಡಬ್ಬಿ ವ್ಯಾನಿಗೆ ಹೊತ್ತೆ,
ಅವಳ ಹೊಸ ಫ್ಲ್ಯಾಟಿನ ಮೂರನೇ ಮಹಡಿಗೂ.
ಅಲ್ಲಿ ಡಿಸ್ಕು ಹಾಕುವ ಯಂತ್ರವೇ ಇಲ್ಲ.
ಒಂದು ಹಳೆಯದಿದೆ, ತಂದು ಕೂಡಿಸಲೇ, ಅಂದೆ.
ಬೇಡ, ಅಂದಳು. ಇರಲಿ.